ಬೀಜಾಡಿಯ ಇಪ್ಪತ್ತು ಸೆಂಟ್ಸ್ ಜಾಗ

ಕೋಟೇಶ್ವರ
೧೨-೨-೧೯೬೮

ಚಿ. ಮಹಾಲಿಂಗನಿಗೆ ಅಕ್ಕನ ಆಶೀರ್ವಾದ.

ಬೀಜಾಡಿಯ ಜಾಗಕ್ಕೆ ಮುಂದೆ ಬೆಲೆ ಬರುತ್ತದೆಯೇ, ಸುತ್ತಮುತ್ತ ಎಂಥ ಜನ ಇದ್ದಾರೆ, ವಿಚಾರಿಸಿ ಬರೆ ಎಂದಿದ್ದಿ. ಬೊಂಬಾಯಿಯ ನಿನ್ನ ಹೋಟೆಲಿನಲ್ಲಿ ಊಟಕ್ಕೆ ಕೂತವರನ್ನೂ ಹೀಗೇ ವಿಚಾರಿಸುತ್ತೀಯಾ? ಅಲ್ಲಿರುವವರು ಮೀನು ಮಾರುವವರು, ಹಂಚಿನ ಕಾರ್ಖಾನೆಗೆ ಹೋಗುವವರು. ಅವರ ಮಕ್ಕಳಿಗೆ ನಾನು ಒಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ.

ಕಳೆದ ತಿಂಗಳು ನೀನು ಜಾಗ ನೋಡಲು ಬಂದಾಗ ಒಬ್ಬ ಹೆಂಗಸು ಕುಡಿಯಲು ನೀರು ತಂದುಕೊಟ್ಟರು. ನೀನು ಜಾತಿ ಕೇಳಿ, ಅವರ ಎದುರೇ ನೀರು ಚೆಲ್ಲಿದೆ. ಆ ಸುಂದರಿಯವರೇ ಜಾಗದ ಒಡತಿ. ದಲ್ಲಾಳಿ ಹೇಳಿರಲಿಲ್ಲ, ನೀನೂ ಅದನ್ನು ಮಾತ್ರ ಕೇಳಲಿಲ್ಲ.

ನಿನ್ನೆ ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ.

"ನನ್ ನೀರ್ ಬ್ಯಾಡ, ಜಾಗ ಬೇಕಾ? ಕೊಡುದಿಲ್ಲ ಅಂದ್ ಬರೀರಿ, ಟೀಚ್ರೇ" ಎಂದರು. ಬರೆದಿದ್ದೇನೆ.

ಅಲ್ಲಿ ಬಂಗಲೆ ಕಟ್ಟಿಸಿ, ಕಾಯಲು ನನ್ನನ್ನು ಇರಿಸುವ ಯೋಚನೆಯನ್ನೂ ಬಿಟ್ಟುಬಿಡು. ಬರುವ ತಿಂಗಳಿಂದ ನಾನು ಅವರ ಮನೆಯಲ್ಲೇ ಒಂದು ಕೋಣೆಯಲ್ಲಿ ಬಾಡಿಗೆಗೆ ಇರಲು ಹೋಗುತ್ತಿದ್ದೇನೆ. ಇನ್ನು ಕಾಗದ ಹಾಕುವುದಾದರೆ 'ಸುಂದರಿಯವರ ಮನೆ, ಬೀಜಾಡಿ' ಎಂದು ವಿಳಾಸ ಬರೆ. 'ಅವರ' ಎನ್ನುವುದನ್ನು ಬಿಡಬೇಡ.

ಇಂತಿ,
ಸುಗುಣಾ