ಎರಡು ಕೊಕೊಮೆರೊ

ಅಕ್ಕಾ, ಮಗನ ಮದುವೆ ಮಾತಿಗೆಂದು ದಕ್ಷಿಣ ಇಟಲಿಯ ಬಾರಿ ಪಟ್ಟಣಕ್ಕೆ ಬಂದು ನಾನೇ ಎಲ್ಲ ಕೆಡಿಸಿದೆನೋ ಏನೋ. ನಿನ್ನೆ ಬೀಗಿತ್ತಿ ಫಿಲೊಮೆನಾ ಊಟಕ್ಕೆ ಹೆಚ್ಚಲು ಎರಡು ಕೊಕೊಮೆರೊ ತನ್ನಿ ಎಂದರು. ನಮ್ಮ ತೊಸ್ಕಾನಾದ ಮಾತೆಂದುಕೊಂಡು ನಾನು ಸಂತೆಯಿಂದ ಎರಡು ದೊಡ್ಡ ಕಲ್ಲಂಗಡಿ ಹೊತ್ತು ತಂದೆ. ಇವರ ಮನೆಯಲ್ಲಿ ಹಾಗೆಂದರೆ ಸೌತೆಕಾಯಿಯಂತೆ.

“ಇರ್ಲಿ ಬಿಡಿ ಬೀಗಿತ್ತೀ, ನಮ್ಮ ಮಾತು ಗೊತ್ತಿಲ್ಲದ ಅತ್ತೆ ಸಿಕ್ಕಿದ್ದೂ ಒಳ್ಳೇದೇ. ನನ್ನ ಮಗಳು ಬೈದ್ರೂ ನಿಮಗೆ ತಿಳಿಯಲ್ಲ,” ಎಂದು ಫಿಲೊಮೆನಾ ನಕ್ಕರು. ಅದು ತಮಾಷೆಯೋ, ಚುಚ್ಚುಮಾತೋ? ನೀನೇ ಹೇಳು.

ನಮ್ಮೆಜಮಾನರು ಮೀನುಕಟ್ಟೆಯಲ್ಲಿ ಹಸಿ ಆಕ್ಟೋಪಸ್ ಚಪ್ಪರಿಸಿ ತಿಂದರು, ಹೊಟ್ಟೆ ಸದ್ಯಕ್ಕೆ ಸರಿಯಿದೆ. ಕಲ್ಲಂಗಡಿ ಹೊತ್ತ ನನ್ನ ಭುಜಕ್ಕೆ ಮುಲಾಮು ಹಚ್ಚಿದ್ದೇನೆ.

ಬೀಗಿತ್ತಿ ಈಗ ಮತ್ತೆ ಚೀಲ ಕೊಟ್ಟು ಮೆಲೋನೆ ತನ್ನಿ ಎಂದಿದ್ದಾರೆ. ನಮ್ಮಲ್ಲಿ ಅದು ಕರ್ಬೂಜ, ಇವರಲ್ಲಿ ಯಾವ ಹಣ್ಣೋ ಎಂದು ಕೇಳಲು ಬಾಯೇ ಬರುತ್ತಿಲ್ಲ. ಅಂಗಡಿಯಲ್ಲಿ ದುಂಡಗಿರುವುದನ್ನೆಲ್ಲ ಒಂದೊಂದು ತಂದುಬಿಡುತ್ತೇನೆ.

ಹೊರಟೆ, ನಿನ್ನ ಫೋಸ್ಕಾ