ಪೊಲೀಸರ ವಶದಲ್ಲಿರುವ ಫೋನು

ನವೆಂಬರ್ 14, ಶುಕ್ರವಾರ

ಇಂದು ನಿರ್ಮಾಪಕರಿಗೆ ಸಿನಿಮಾ ತೋರಿಸಿದರು. ಕೊಲೆಗಾರನ ಎಡಗೈಯಲ್ಲಿದ್ದ ಬ್ಯಾಂಡೇಜು ಮುಂದಿನ ಶಾಟ್‌ನಲ್ಲಿ ಬಲಗೈಗೆ ಬಂದಾಗ ಎಲ್ಲರೂ ನಕ್ಕರು. ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದಿಕೆ ನೋಡಿಕೊಳ್ಳುವ ನನ್ನತ್ತ ನಿರ್ದೇಶಕರು ಬೆರಳು ತೋರಿಸಿದರು. "ಕಂಟಿನ್ಯುಟಿ ನೋಡ್ಕೊಳ್ಳಿ ಅಂತ ಇಟ್ಕೊಂಡ್ರೆ ಈಯಮ್ಮ ತೂಕಡಿಸ್ತಾ ಕೂತಿದ್ರು ಸಾರ್, ನಾನೇನ್ ಮಾಡ್ಲಿ?"

ಶೂಟಿಂಗ್‌ನಲ್ಲೇ ಹಿಂದಿನ ಶಾಟ್‌ನ ಫೋಟೊ ಹಿಡಿದು ತೋರಿಸಿದ್ದೆ. "ಕೈ ಯಾರ್ ನೋಡ್ತಾರೆ, ಸುಮ್ನಿರಮ್ಮ" ಎಂದವರು ಇವರೇ.

ಅದು ಚಿಲ್ಲರೆ ತಪ್ಪು. ದೊಡ್ಡದು ಬೇರೆಯೇ ಇದೆ. ಸತ್ತವನ ಫೋನಿನಿಂದ ಕರೆ ಮಾಡಿಯೇ ಕೊಲೆಗಾರ ಕೊನೆಗೆ ಸಿಕ್ಕಿಬೀಳುತ್ತಾನೆ. ಎಡಿಟಿಂಗ್‌ನಲ್ಲಿ ಎರಡು ದೃಶ್ಯ ಅದಲುಬದಲಾಗಿ, ಅವನು ಕರೆ ಮಾಡುವ ಹೊತ್ತಿಗೆ ಆ ಫೋನು ಆಗಲೇ ಪೊಲೀಸರ ವಶದಲ್ಲಿದೆ. ಒಬ್ಬರೂ ಗಮನಿಸಿಲ್ಲ. ಸರಿಪಡಿಸಲು ಸೋಮವಾರದವರೆಗೆ ಸಮಯವಿದೆ.

ನಾನು ಹೇಳುವುದಿಲ್ಲ. ಟೈಟಲ್‌ನಲ್ಲಿ ನನ್ನ ಹೆಸರೂ ಇದೆ, ಇರಲಿ. ಮೊದಲ ಆಟಕ್ಕೆ ಹೋಗಿ ಪರದೆ ಬಿಟ್ಟು ನಿರ್ದೇಶಕರ ಮುಖವನ್ನೇ ನೋಡುತ್ತಾ ಕೂರುತ್ತೇನೆ. ಆ ಕರೆ ಬಂದಾಗ ಇಡೀ ಥಿಯೇಟರ್ ನಗುತ್ತದೆ, ಅವರು ಯಾರತ್ತ ಬೆರಳು ತೋರಿಸುತ್ತಾರೋ ನೋಡಬೇಕು.