ಬಕೆಟ್ಟಿನಲ್ಲಿ ಆಲದ ಟೊಂಗೆ

ನಾಸಿಕ್, ೪ ಜೂನ್ ೨೦೧೨, ಸೋಮವಾರ

ವಟಪೂರ್ಣಿಮೆ. ಹೊಟ್ಟೆ ಉರಿಯುತ್ತಿರುವುದು ಉಪವಾಸಕ್ಕಲ್ಲ, ಸಿಟ್ಟಿಗೆ. ಏಳು ವರ್ಷ ನೂಲು ಸುತ್ತಿ ಪೂಜಿಸಿದ ಸಿನ್ನರ್ ರಸ್ತೆಯ ಆಲದ ಮರ ಬೆಳಿಗ್ಗೆ ಹೋದಾಗ ನೆಲಕ್ಕುರುಳಿತ್ತು. ಕಾರ್ಖಾನೆಗಳ ಲಾರಿಗೆ ರಸ್ತೆ ಅಗಲವಾಗಬೇಕಂತೆ. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ, ಇದ್ದ ನೆರಳನ್ನೂ ಕಡಿಸುತ್ತಾರೆ!

ರಸ್ತೆ ಕೆಲಸಕ್ಕೆ ಬಂದಿರುವ, ಕನ್ನಡ ಮಾತಿನಿಂದಲೇ ನನಗೆ ಪರಿಚಯವಾದ ವಿಜಾಪುರದ ಮಾಳವ್ವ ನನ್ನ ಪೂಜೆಯ ತಟ್ಟೆ ನೋಡಿ ಓಡಿ ಬಂದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇದನ್ನ ಕಡದ್ರನ ನಮಗ ಪಗಾರ. ನಿಮಗಂತ ಒಂದ ಟೊಂಗಿ ತಗದಿಟ್ಟೇನ್ರಿ."

ಅವಳನ್ನು ಹೇಗೆ ಬೈಯಲಿ? ಟೊಂಗೆ ತಂದು ಬಾಲ್ಕನಿಯ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಸುತ್ತು ಹಾಕಲು ಜಾಗವಿಲ್ಲ. ನಾನು ನಿಂತಲ್ಲೇ ನಿಂತು ಬಕೆಟ್ಟನ್ನೇ ಏಳು ಸಲ ತಿರುಗಿಸಿದೆ. ಇಂಥ ಪೂಜೆಯನ್ನು ಯಾವ ದೇವರು ಒಪ್ಪುತ್ತಾನೋ.

ಸಂಜೆ ಇವರು ಸಿನ್ನರಿನ ಬ್ಯಾಂಕಿನಿಂದ ಬೆವರುತ್ತ ಬಂದರು. "ಏನ್ ಝಳಾ ಇದು! ರೋಡ್ ಒಂದ್ ಆಗ್ಲಿ, ಅರ್ಧಾ ತಾಸು ಮೊದಲ ಮನಿಗೆ ಬರ್ತೇನಿ ನೋಡು."

ಈ ಗಂಡನ ಆಯುಷ್ಯಕ್ಕೆಂದೇ ನನ್ನ ವ್ರತ! ಬೈಯಲು ಬಾಯಿ ತೆರೆದೆ. ಬೈಯದೆ ನೀರಿನ ತಂಬಿಗೆ ಚಾಚಿದೆ. ಆ ಅರ್ಧ ತಾಸು ನನಗೂ ಬೇಕಾಗಿತ್ತು.